ದೆವ್ವದ ಧೂಳು ಕಂಪನಿಯ ಡೊರೀನ್

ಟ್ರೆವರ್ ಆಕ್ರಾಯ್ಡ್ ಎಂಬವನಿಗೆ ನೂರಾ ಹದಿನಾಲ್ಕು ಪೌಂಡು ಬರಬೇಕಿದೆ. ಇಂಗ್ಲೆಂಡಿನ ಡ್ಯೂಸ್‌ಬರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಹರೆಯದಲ್ಲಿ 'ತುರಚೆ' ಎಂಬ ಪಂಕ್ ಸಂಗೀತದ ತಂಡದಲ್ಲಿ ಡ್ರಮ್ಮು ಬಡಿಯುತ್ತಿದ್ದ. ಆ ತಂಡದ ಎರಡು ರೆಕಾರ್ಡು ಮಾರಿ ಬಂದ ದುಡ್ಡಿನಲ್ಲಿ ಅವನ ಪಾಲು ಇದು. ಕೊಡಬೇಕಾಗಿದ್ದವಳು ಆ ರೆಕಾರ್ಡು ಹೊರತಂದ ಡೊರೀನ್ ಓಲ್ಡ್‌ರಾಯ್ಡ್. ಉಳಿದವರದ್ದೆಲ್ಲ ತೀರಿಸಿ, ಇವನೊಬ್ಬನದ್ದು ಉಳಿಸಿಕೊಂಡು ಅವಳು ಸತ್ತಳು. ಅವಳನ್ನು ಕಳ್ಳಿ ಎಂದು ಇವತ್ತಿಗೂ ಕರೆಯುವವರು ಊರಲ್ಲಿದ್ದಾರೆ. ಪೂರ್ತಿ ಸುಳ್ಳೇನಲ್ಲ. ಆದರೆ ಅರ್ಧ ತಿಳಿದುಕೊಂಡು ಮಾತಾಡುವವರ ಎದುರು ಇನ್ನರ್ಧ ಹೇಳದೆ ಬಿಟ್ಟರೆ ಅದೂ ಒಂದು ಕಳ್ಳತನವೇ.

ಡೊರೀನ್ ಉಣ್ಣೆ ಮಿಲ್ಲಿನಲ್ಲಿ ದುಡಿದವಳು. ಮಗ್ಗದಿಂದ ಇಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಬೆರಳಿನಲ್ಲಿ ಗಂಟು ಹುಡುಕಿ, ತಪ್ಪಿದ ಎಳೆಯನ್ನು ಸೂಜಿಯಲ್ಲಿ ಸೇರಿಸುವ ಕೆಲಸ. ಗಂಡ ಕ್ಲಿಫರ್ಡ್ ಅದೇ ಮಿಲ್ಲಿನ ನೆಲಮಾಳಿಗೆಯಲ್ಲಿ ಚಿಂದಿ ಹರಿಯುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಹಳೆ ಕೋಟು, ಹಳೆ ಕಂಬಳಿ, ಸತ್ತ ಸೈನಿಕರ ಸಮವಸ್ತ್ರ, ಯಾವುದಾದರೂ ಸರಿ, ಹರಿದು ಎಳೆಎಳೆ ಬಿಚ್ಚಿ ಮತ್ತೆ ಬಟ್ಟೆ ಮಾಡುವ ಊರು ಅದು. ಆ ಯಂತ್ರ ಉಗುಳುವ ಬೂದು ಬಣ್ಣದ ಪುಡಿಗೆ ಅಲ್ಲಿಯ ಜನ ಇಟ್ಟ ಹೆಸರು ದೆವ್ವದ ಧೂಳು. ಕ್ಲಿಫರ್ಡ್‌ನ ಎದೆಯೊಳಗೆ ಆ ಧೂಳು ಮನೆ ಮಾಡಿಕೊಂಡಿತು. ಅವನನ್ನು ಮಣ್ಣು ಮಾಡಿದ ಎರಡು ವರ್ಷಕ್ಕೆ, ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಮಿಲ್ಲೂ ಬಾಗಿಲು ಹಾಕಿತು. ಕೈಗೊಂದಿಷ್ಟು ಪರಿಹಾರದ ದುಡ್ಡು, ಮಾಲೀಕನಿಂದೊಂದು ಕೈಕುಲುಕು. ಡೊರೀನ್‌ಗೆ ಆಗ ಐವತ್ತು. ಮಕ್ಕಳಿಲ್ಲ. ಟೆಂಟರ್ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳಲ್ಲಿ ಒಂದು ಮಾತ್ರ ಸ್ವಂತದ್ದು, ಕ್ಲಿಫರ್ಡ್ ಕಂತು ಕಟ್ಟಿ ಬಿಡಿಸಿಕೊಂಡದ್ದು.

ಪಕ್ಕದ ಮನೆಯ ಹುಡುಗಿ ಗೇನರ್ ಸಗ್ಡನ್‌ಗೆ ಹತ್ತೊಂಬತ್ತು. ಅವಳೂ ಅದೇ ಮಿಲ್ಲಿನಿಂದ ಹೊರಬಿದ್ದವಳು. ತಲೆಗೂದಲನ್ನು ಅಡುಗೆಮನೆ ಕತ್ತರಿಯಲ್ಲಿ ಅಡ್ಡಾದಿಡ್ಡಿ ಕತ್ತರಿಸಿಕೊಂಡು, ಮೂವರು ಹುಡುಗರನ್ನು ಕಟ್ಟಿಕೊಂಡು ತಂಡ ಮಾಡಿದ್ದಳು. ತಂಡದ ಹೆಸರು 'ತಣ್ಣನೆ ಟೀ'. ಅವಳಮ್ಮ ಗಿಟಾರು ಸಮೇತ ಹೊರಗೆ ಹಾಕಿದ ಮೇಲೆ, ಡೊರೀನಳ ಮನೆ ಕೆಳಗಿನ ಕಲ್ಲಿದ್ದಲು ಕೋಣೆಯಲ್ಲಿ ಅಭ್ಯಾಸ ಶುರುವಾಯಿತು. ಮೊದಲ ದಿನ ಡೊರೀನ್ ಮೆಟ್ಟಿಲ ಮೇಲೆ ನಿಂತು ಕೂಗಿದಳು:

"ಏನೇ ಅದು ಗಲಾಟೆ? ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಾಕೊಂಡಿದ್ಯಾ?"

"ಹಾಡು ಆಂಟಿ!"

"ಹಾಡಾ? ಯಾರು ಸತ್ತಿದ್ದಕ್ಕೆ?"

"ಮಿಲ್ಲು ಸತ್ತಿದ್ದಕ್ಕೆ."

ಡೊರೀನ್ ಕೆಳಗಿಳಿದು ಬಂದು ಇದ್ದಲಿನ ಮೂಟೆಯ ಮೇಲೆ ಕೂತಳು. ಪೂರ್ತಿ ಕೇಳಿದಳು. ಮಾತು ಒಂದೂ ಸರಿಯಾಗಿ ತಿಳಿಯಲಿಲ್ಲ, ಸಿಟ್ಟು ಮಾತ್ರ ತಿಳಿಯಿತು. ಆ ಸಿಟ್ಟು ಅವಳಲ್ಲೂ ಇತ್ತು. ಅದಕ್ಕೆ ಇಷ್ಟು ದೊಡ್ಡ ಗಂಟಲು ಇರಬಹುದು ಎಂದು ಗೊತ್ತಿರಲಿಲ್ಲ, ಅಷ್ಟೆ.

ಲಂಡನ್ನಿನ ಕಂಪನಿಗಳಿಗೆ ಗೇನರ್ ಕಳಿಸಿದ ಕ್ಯಾಸೆಟ್ಟುಗಳು ಒಡೆಯದ ಲಕೋಟೆಯಲ್ಲೇ ವಾಪಸು ಬಂದವು. ಒಂದು ಮಧ್ಯಾಹ್ನ ಡೊರೀನ್ ಚಿಪ್ಸಿಗೆ ವಿನಿಗರ್ ಸುರಿಯುತ್ತಾ ಕೇಳಿದಳು: "ಒಂದು ಸಾವಿರ ರೆಕಾರ್ಡು ಮಾಡೋಕೆ ಎಷ್ಟಾಗತ್ತೆ?" ಗೇನರ್ ಹೇಳಿದಳು. "ಅಷ್ಟೇನಾ? ನನ್ನ ಮಿಲ್ಲಿನ ದುಡ್ಡಲ್ಲಿ ಅದಾಗತ್ತೆ. ಸ್ಪೇನಿಗೆ ಹೋಗಿ ಸಮುದ್ರದ ದಡದಲ್ಲಿ ಮೈ ಸುಟ್ಟುಕೊಂಡು ಬಾ ಅಂತಾಳೆ ನಮ್ಮಕ್ಕ. ಸುಡೋದೇ ಆದ್ರೆ ಇಲ್ಲೇ ಸುಡೋಣ."

ಹೀಗೆ ದೆವ್ವದ ಧೂಳು ರೆಕಾರ್ಡ್ ಕಂಪನಿ ಹುಟ್ಟಿತು. ಹೆಸರಿಟ್ಟವಳು ಡೊರೀನೇ. "ಕ್ಲಿಫರ್ಡ್‌ನ ಎದೇಲಿದ್ದಿದ್ದು ಎಲ್ಲರ ಕಿವೀಲೂ ಇರ್ಲಿ" ಎಂದಳು.

ಕಂಪನಿ ಎಂದರೆ ಅವಳ ಅಡುಗೆಮನೆ ಮೇಜು. ಬೆಟ್ಟದಾಚೆ ಮ್ಯಾಂಚೆಸ್ಟರ್ ಕಡೆಯಲ್ಲಿ ಪಿಕಲ್ಸ್ ಎಂಬವನ ಸಣ್ಣ ಕಾರ್ಖಾನೆಯಲ್ಲಿ ರೆಕಾರ್ಡು ಒತ್ತಿಸುವುದು, ಕವರಿನ ಕಾಗದ ಬೇರೆ ಕಡೆ ಅಚ್ಚು ಹಾಕಿಸುವುದು, ತಂಡದವರೆಲ್ಲ ಸೇರಿ ಮಡಿಸಿ ಅಂಟಿಸುವುದು. ಮಡಿಸಲು ಬಂದವರಿಗೆ ಬ್ರೆಡ್ಡಿನ ಮೇಲೆ ಹುರಿದ ಮಾಂಸದ ಕೊಬ್ಬು ಸವರಿ ಕೊಡುತ್ತಿದ್ದಳು. ಕವರಿನ ಮೇಲೆ ಎಣ್ಣೆ ಬೆರಳು ಕಂಡರೆ ತಲೆಗೆ ಮೊಟಕುತ್ತಿದ್ದಳು. ಕರಾರು ಪತ್ರ, ವಕೀಲ, ಸಹಿ, ಯಾವುದೂ ಇಲ್ಲ. ಖರ್ಚು ಕಳೆದು ಉಳಿದದ್ದರಲ್ಲಿ ತಂಡಕ್ಕೆ ಅರ್ಧ, ಕಂಪನಿಗೆ ಅರ್ಧ. ಸಂತೆಯಲ್ಲಿ ದನದ ವ್ಯಾಪಾರ ಮಾಡುವವರ ಹಾಗೆ ಅಂಗೈಗೆ ಉಗಿದು ಕೈಕುಲುಕಿದರೆ ಮುಗಿಯಿತು. ಒಂದೊಂದು ತಂಡದ ಪಾಲನ್ನು ಒಂದೊಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಒಲೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಇಡುತ್ತಿದ್ದಳು. ಬೇಕೆಂದಾಗ ಬಂದು ಇಸಿದುಕೊಳ್ಳಬೇಕು.

ಇನ್ನೊಂದು ಪದ್ಧತಿ ಇತ್ತು. ಈ ಹುಡುಗರ ಪ್ರಪಂಚದಲ್ಲಿ ರೆಕಾರ್ಡಿನ ಕವರಿನ ಮೇಲೆಯೇ 'ಇದಕ್ಕಿಂತ ಹೆಚ್ಚು ಕೊಡಬೇಡಿ' ಎಂದು ಬೆಲೆ ಅಚ್ಚು ಹಾಕುತ್ತಿದ್ದರು. ಅಂಗಡಿಯವನು ಒಂದು ಪೆನ್ನಿ ಮೇಲೆ ಹಾಕಿದರೂ ಗಿರಾಕಿ ಕವರು ತೋರಿಸಿ ಮರ್ಯಾದೆ ತೆಗೆಯಬಹುದು. ಆ ಸಾಲನ್ನು ಡೊರೀನ್ ತನ್ನ ಕೈಯಾರೆ, ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ಬರೆದುಕೊಡುತ್ತಿದ್ದಳು. ಅದೇ ಅಚ್ಚಾಗುತ್ತಿತ್ತು. ಲೀಡ್ಸಿನಿಂದ ಹಲ್ ಊರಿನವರೆಗೆ ಹರಿದ ಚರ್ಮದ ಕೋಟಿನ ಹುಡುಗರಿಗೆಲ್ಲ ಆ ಕೈಬರಹ ಗೊತ್ತಿತ್ತು. ಅಜ್ಜಿ ಬೆಲೆ ಎನ್ನುತ್ತಿದ್ದರು.

ಮೊದಲ ಸಾವಿರ ರೆಕಾರ್ಡು ಮಾರಿಹೋಯಿತು. ರೇಡಿಯೋದಲ್ಲಿ ಒಮ್ಮೆ ಹಾಕಿದರು, ಮತ್ತೆರಡು ಸಾವಿರ ಹೋಯಿತು. ಲಂಡನ್ನಿನ ಒಬ್ಬ ವಿತರಕ ದೇಶದ ಅಂಗಡಿಗಳಿಗೆಲ್ಲ ಹಂಚುತ್ತೇನೆ ಎಂದು ಒಪ್ಪಿಕೊಂಡ. 'ತುರಚೆ' ಬಂತು, ಇನ್ನೂ ನಾಲ್ಕು ತಂಡ ಬಂದವು. ಪೋಲೆಂಡಿನಿಂದಲೂ ಕೇಳುಗರ ಪತ್ರ ಬಂತು. ಒಂದು ಸಲ ದೊಡ್ಡ ಕಂಪನಿಯ ಮನುಷ್ಯನೊಬ್ಬ ಕಾರಿನಲ್ಲಿ ಬಂದು, ಗೇನರ್‌ಗೆ ಐದಂಕಿಯ ಮೊತ್ತ ಹೇಳಿ, ಡೊರೀನಳ ಟೀ ಕುಡಿದು ಹೋದ.

"ಹೋಗ್ತೀಯಾದ್ರೆ ಹೋಗೇ. ನಾನೇನು ಕಟ್ಟಿ ಹಾಕಿಲ್ಲ," ಎಂದಳು ಡೊರೀನ್.

"ಅವನು ಕೈಗೆ ಉಗೀಲೇ ಇಲ್ವಲ್ಲ ಆಂಟಿ. ಒಣಗಿದ ಕೈ ಕೊಟ್ಟ. ಹೆಂಗೆ ನಂಬೋದು?"

ಇಬ್ಬರೂ ನಕ್ಕರು. ಅವರಿಬ್ಬರು ಹಾಗೆ ನಕ್ಕ ವರ್ಷಗಳು ಐದಾರು ಇದ್ದವು. ಅಷ್ಟು ಸಿಕ್ಕಿತಲ್ಲ ಎನ್ನಬೇಕು.

ಎಂಬತ್ತನಾಲ್ಕರ ಮಾರ್ಚಿನಲ್ಲಿ ಗಣಿ ಕೆಲಸಗಾರರ ಮುಷ್ಕರ ಶುರುವಾಯಿತು. ಪಕ್ಕದ ಹ್ಯಾಗ್‌ಥಾರ್ಪ್ ಊರಿನ ಗಣಿಯೂ ನಿಂತಿತು. ಗಂಡಸರು ಗೇಟಿನ ಮುಂದೆ ಪೊಲೀಸರ ಕುದುರೆ ಎದುರಿಸಿದರೆ, ಹೆಂಗಸರು ಕಾರ್ಮಿಕರ ಸಭಾಂಗಣದಲ್ಲಿ ಅಡುಗೆಮನೆ ತೆರೆದರು. ದಿನಾ ಮುನ್ನೂರು ಊಟ. ನಡೆಸುತ್ತಿದ್ದವಳು ಮೇವಿಸ್ ಟ್ರಿಗ್, ಗಣಿಗಾರನ ಹೆಂಡತಿ, ಡೊರೀನಳ ಓರಗೆಯವಳು. ದೊಡ್ಡ ಮೈ, ಅದಕ್ಕಿಂತ ದೊಡ್ಡ ದನಿ. ಗೇನರ್ ಅಲ್ಲಿ ಆಲೂಗಡ್ಡೆ ಸುಲಿಯಲು ಹೋಗಿ, ಒಂದು ಹಾಡು ಕಟ್ಟಿಕೊಂಡು ಬಂದಳು. ಅಡುಗೆಮನೆಯ ಹೆಂಗಸರೆಲ್ಲ ಪಾತ್ರೆ ಬಡಿದು ಕೂಗಿದರು, 'ತಣ್ಣನೆ ಟೀ' ತಂಡ ಬಾರಿಸಿತು. ಅದನ್ನು ರೆಕಾರ್ಡು ಮಾಡಿ, ಬಂದ ದುಡ್ಡನ್ನು ಅಡುಗೆಮನೆಗೆ ಕೊಡುವುದೆಂದು ಮಾತಾಯಿತು. ಕವರಿನ ಮೇಲಿನ ಸಾಲು ಬರೆಯಲು ಡೊರೀನ್ ಮೇಜಿನ ಮುಂದೆ ಕೂತಳು.

"'ಲಾಭವೆಲ್ಲ ಅಡುಗೆಮನೆಗೆ' ಅಂತ ಬರೀರಿ ಆಂಟಿ," ಎಂದಳು ಗೇನರ್.

"ಲಾಭ ಅನ್ನೋ ಮಾತು ನನ್ನ ಕೈಲಿ ಬರೆಸಬೇಡ ಕಣೇ. ನಮ್ಮ ಮಿಲ್ಲಿನ ಯಜಮಾನನಿಗೆ ಇಪ್ಪತ್ತಾರು ವರ್ಷದಲ್ಲಿ ಒಂದು ವರ್ಷವೂ ಲಾಭ ಬಂದಿರ್ಲಿಲ್ಲ. ಕಾರು ಮಾತ್ರ ವರ್ಷಾ ವರ್ಷ ಬಂತು. ಲಾಭ ಅಂದ್ರೆ ಹ್ಯಾಗ್‌ಥಾರ್ಪಿನವರು ನಗ್ತಾರೆ."

"ಮತ್ತೇನು ಬರೀತೀರಾ?"

ಡೊರೀನ್ ಬರೆದಳು: 'ಬೆಲೆ ಒಂದು ಪೌಂಡು. ನೀವು ಕೊಡುವ ಪೌಂಡು ಪೂರ್ತಿ ಹ್ಯಾಗ್‌ಥಾರ್ಪ್ ಅಡುಗೆಮನೆಗೆ.'

ಅಂಗಡಿಯವನ ಪಾಲು, ವಿತರಕನ ಪಾಲು ಹೋಗಿ ಕಂಪನಿಯ ಕೈಗೆ ಬರುತ್ತಿದ್ದದ್ದು ಪೌಂಡಿನ ಅರ್ಧಕ್ಕಿಂತ ತುಸು ಹೆಚ್ಚು. ಅದರಲ್ಲಿ ಪಿಕಲ್ಸನಿಗೆ, ಕಾಗದಕ್ಕೆ, ಅಂಚೆಗೆ ಹೋಗಬೇಕು. ಡೊರೀನ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. ಸಾವಿರ ರೆಕಾರ್ಡು ಮಾಡುತ್ತೇವೆ, ಬಿದ್ದ ನಷ್ಟವನ್ನು ಕಂಪನಿಯ ಪಾಲಿನಿಂದ ತುಂಬುತ್ತೇನೆ, ಅದೇ ನನ್ನ ಚಂದಾ ಎಂದುಕೊಂಡಿದ್ದಳು. 'ಮೊದಲ ಸಾವಿರಕ್ಕೆ ಮಾತ್ರ' ಎಂದು ಬರೆಯುವುದು ಹೊಳೆಯಲೇ ಇಲ್ಲ. ಸಾವಿರದ ಮೇಲೆ ಹೋದೀತು ಎಂದು ಯಾರು ಕಂಡಿದ್ದರು?

ರೆಕಾರ್ಡು ಬೆಂಕಿ ಹತ್ತಿದ ಹಾಗೆ ಹೋಯಿತು. ಜೂನಿನಲ್ಲಿ ಪೊಲೀಸರು ಕುದುರೆ ನುಗ್ಗಿಸಿದ ಮೇಲಂತೂ ಅಂಗಡಿಯವರೇ ಫೋನು ಮಾಡತೊಡಗಿದರು. ಜನ ಒಂದರ ಬದಲು ಮೂರು ಕೊಂಡರು. ಹಾಡು ಹಿಡಿಸದವರೂ ಕವರಿನ ಸಾಲು ಓದಿ ಕೊಂಡರು. ಎರಡು ಸಾವಿರ, ನಾಲ್ಕು, ಆರು. ಒಂದೊಂದು ರೆಕಾರ್ಡು ಮಾರಿದಾಗಲೂ ಡೊರೀನಳ ಕೈಯಿಂದ ಮುಕ್ಕಾಲು ಪೌಂಡು ಹೋಗುತ್ತಿತ್ತು. ಜಗತ್ತಿನಲ್ಲಿ ಎಲ್ಲ ಕಂಪನಿಗಳೂ ಸರಕು ಮಾರದೆ ಮುಳುಗಿದರೆ ಇದು ಮಾರಿ ಮಾರಿ ಮುಳುಗತೊಡಗಿತು.

"ನಿಲ್ಸಿ ಆಂಟಿ. ಇನ್ನು ಒತ್ತಿಸಬೇಡಿ," ಎಂದಳು ಗೇನರ್. "ಇಲ್ಲಾ ಕವರಿನ ಸಾಲು ಬದಲಾಯಿಸಿ."

"ಬರೆದ ಮೇಲೆ ಬದಲಾಯಿಸೋದಾ? ಸರ್ಕಾರ ಮಾಡೋ ಕೆಲಸ ಅದು."

"ನಿಲ್ಸೋದಾದ್ರೂ ನಿಲ್ಸಿ."

"ನಿಲ್ಲಿಸ್ತೀನಿ. ಶುಕ್ರವಾರ ಮೇವಿಸ್‌ಗೆ ಹೇಳಿ ಬರ್ತೀನಿ."

ಶುಕ್ರವಾರ ಡೊರೀನ್ ಬಸ್ಸು ಹತ್ತಿ ಹ್ಯಾಗ್‌ಥಾರ್ಪಿಗೆ ಹೋದಳು. ವಾರ ವಾರವೂ ಹಾಗೇ ಹೋಗಿ ದುಡ್ಡು ಕೈಗೆ ಕೊಟ್ಟು ಬರುವುದು ರೂಢಿ. ಸಭಾಂಗಣದಲ್ಲಿ ಆಲೂಗಡ್ಡೆ ಕಡುಬಿನ ವಾಸನೆ. ಉದ್ದ ಬೆಂಚುಗಳ ಮೇಲೆ ಮಕ್ಕಳು ತಟ್ಟೆ ನೆಕ್ಕುತ್ತಿದ್ದರು. ಮೇವಿಸ್ ಸೌಟು ಹಿಡಿದೇ ಓಡಿ ಬಂದಳು.

"ಬಂದ್ಲಪ್ಪ ನಮ್ಮ ರಾಣಿ! ಕೂತ್ಕೊಳೆ. ನಿನ್ನ ರೆಕಾರ್ಡಿಲ್ದೇ ಹೋಗಿದ್ರೆ ಈ ವಾರ ಬರೀ ಬಿಸಿನೀರು ಬಡಿಸ್ಬೇಕಿತ್ತು. ಮುಂದಿನ ವಾರಕ್ಕೆ ಇನ್ನೊಂದು ಇನ್ನೂರು ಹುಟ್ಟುತ್ತಾ?"

ಡೊರೀನ್ ಬಾಯಿ ತೆರೆದಳು. ಅಂದುಕೊಂಡು ಬಂದ ಮಾತು ನಾಲಗೆಯ ಮೇಲೇ ಇತ್ತು. ಬೆಂಚಿನ ತುದಿಯಲ್ಲಿ ಒಂದು ಹೆಣ್ಣುಮಗು ತನ್ನ ಪಾಲಿನ ಕಡುಬನ್ನು ಕೋಟಿನ ಜೇಬಿಗೆ ತುರುಕಿಕೊಳ್ಳುತ್ತಿತ್ತು, ಮನೆಯಲ್ಲಿ ಯಾರಿಗೋ.

"ಹುಟ್ಟತ್ತೆ," ಎಂದಳು ಡೊರೀನ್.

"ಕಷ್ಟ ಏನಿಲ್ವಲ್ಲ?" ಎಂದು ಮೇವಿಸ್ ಕೇಳಬಹುದಿತ್ತು. ಕೇಳಲಿಲ್ಲ. ಬಡಿಸಲು ಇನ್ನೂ ನೂರು ತಟ್ಟೆ ಇತ್ತು. "ನೀನು ದೇವತೆ ಕಣೇ," ಎಂದು ಹೇಳಿ ಒಲೆಯ ಕಡೆ ತಿರುಗಿದಳು.

ಮನೆಗೆ ಬಂದ ಡೊರೀನ್ ಕೋಟು ಬಿಚ್ಚದೆ ಒಲೆಯ ಮುಂದೆ ನಿಂತಳು. ಹಲಗೆಯ ಮೇಲೆ ಆರು ಡಬ್ಬಿ. ವಿತರಕನ ದುಡ್ಡು ಬಂದ ಕೂಡಲೇ ತುಂಬಿಸಿದರಾಯಿತು, ಮೂರು ತಿಂಗಳ ಬಾಕಿ ಇದೆಯಲ್ಲ, ಎಲ್ಲಿಗೆ ಹೋಗುತ್ತದೆ ಎಂದುಕೊಂಡಳು. ಮೊದಲು 'ತಣ್ಣನೆ ಟೀ' ಡಬ್ಬಿ ತೆರೆದಳು, ಗೇನರ್ ನಮ್ಮವಳೇ ಎಂದು. ಆಮೇಲೆ ಉಳಿದವು. ಬೇರೆಯವರ ದುಡ್ಡು ಎಂದು ಗೊತ್ತಿತ್ತು. ಆದರೂ ತೆಗೆದಳು. ಇಲ್ಲಿ ಅವಳ ಪರ ವಾದ ಮಾಡುವುದೇನೂ ಇಲ್ಲ.

ನವೆಂಬರಿನಲ್ಲಿ ಲಂಡನ್ನಿನ ವಿತರಕ ದಿವಾಳಿ ಎದ್ದ. ಕಚೇರಿಗೆ ಬೀಗ, ಫೋನು ಸತ್ತಿತ್ತು. ಸಾಲ ಕೊಟ್ಟವರ ಸಾಲಿನಲ್ಲಿ ಬ್ಯಾಂಕು ಮೊದಲು, ತೆರಿಗೆಯವರು ಆಮೇಲೆ. ದೆವ್ವದ ಧೂಳಿನಂಥವರು ಬಾಗಿಲಾಚೆ. ಒಂದು ಪೆನ್ನಿಯೂ ಬರಲಿಲ್ಲ.

ಸುದ್ದಿ ಕೇಳಿ ತಂಡದವರೆಲ್ಲ ಅಡುಗೆಮನೆಯಲ್ಲಿ ಬಂದು ತುಂಬಿಕೊಂಡರು. ಟ್ರೆವರ್ ಬಾಗಿಲಿಗೆ ಒರಗಿ ನಿಂತಿದ್ದ. ಒಬ್ಬ ಡಬ್ಬಿ ಇಳಿಸಿ ಮುಚ್ಚಳ ತೆಗೆದ. ಖಾಲಿ. ಇನ್ನೊಂದು, ಖಾಲಿ.

"ಎಲ್ಲಿ ಆಂಟಿ?" ಎಂದಳು ಗೇನರ್, ಮೆಲ್ಲಗೆ.

"ಹ್ಯಾಗ್‌ಥಾರ್ಪಲ್ಲಿ."

"ನಮ್ಮನ್ನ ಒಂದು ಮಾತು ಕೇಳಿದ್ರೆ ನಾವೇ ಕೊಡ್ತಿರ್ಲಿಲ್ವಾ?"

ಡೊರೀನ್ ಖಾಲಿ ಡಬ್ಬಿಗೆ ಮುಚ್ಚಳ ಹಾಕಿದಳು.

"ಹೇಳಿ! ಕೊಡ್ತಿರ್ಲಿಲ್ವಾ? ಅವರಿಗೆ ಮಾತು ಅಚ್ಚು ಹಾಕಿ ಕೊಟ್ರಿ. ನಮಗೆ ಕೊಟ್ಟಿದ್ದು ಬರೀ ಎಂಜಲು ಕೈ. ಅದು ಒರೆಸಿಕೊಂಡ್ರೆ ಹೋಗತ್ತೆ, ಅಲ್ವಾ?"

"ತೀರಿಸ್ತೀನಿ ಕಣೇ."

"ದುಡ್ಡಿನ ಮಾತಾಡ್ತಿಲ್ಲ ನಾನು," ಎಂದಳು ಗೇನರ್. ಹೊರಗೆ ಹೋಗುವಾಗ ಬಾಗಿಲನ್ನು ಬಡಿಯಲಿಲ್ಲ, ಸದ್ದಿಲ್ಲದೆ ಎಳೆದುಕೊಂಡಳು. ಬಡಿದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಡೊರೀನ್ ತನ್ನ ಅಕ್ಕನ ಹತ್ತಿರ ಹೇಳಿದ್ದಳಂತೆ.

ಮುಷ್ಕರ ಇನ್ನೂ ನಡೆಯುತ್ತಿತ್ತು. ಅಡುಗೆಮನೆಗೆ ಸೇರಬೇಕಾದ ಪೌಂಡುಗಳು ಇನ್ನೂ ಇದ್ದವು. ಮಾರಿದ ಅಷ್ಟೂ ರೆಕಾರ್ಡಿಗೆ ಅಷ್ಟೂ ಪೌಂಡು, ಕವರು ಹಾಗೆ ಹೇಳುತ್ತದೆ. ಪಿಕಲ್ಸ್ ಫೋನು ಮಾಡಿ, "ಮಿಸೆಸ್ ಓಲ್ಡ್‌ರಾಯ್ಡ್, ನಾನು ಕೆಟ್ಟವನಲ್ಲಮ್ಮ, ಆದ್ರೆ ನನ್ನ ಹುಡುಗರಿಗೂ ಶುಕ್ರವಾರ ಸಂಬಳ ಆಗ್ಬೇಕಲ್ಲ," ಎಂದ. ಜನವರಿಯಲ್ಲಿ ಡೊರೀನ್ ಟೆಂಟರ್ ಬೀದಿಯ ಮನೆ ಮಾರಿದಳು. ಕೊಂಡವನು ಅವಸರ ನೋಡಿ ಕಡಿಮೆಗೆ ಕೊಂಡ. ಪಿಕಲ್ಸನದ್ದು ತೀರಿತು. ಅಡುಗೆಮನೆಯದ್ದು ಕೊನೆಯ ಪೌಂಡಿನವರೆಗೆ ತೀರಿತು. ತಂಡಗಳಿಗೆ ಕೊಡಲು ಏನೂ ಉಳಿಯಲಿಲ್ಲ. ನಗರಸಭೆಯ ಬಾಡಿಗೆ ಮನೆಯೊಂದರ ಮೂರನೆಯ ಮಹಡಿಗೆ ಹೋದಳು. ಶಾಲೆಯೊಂದರ ಪಾಯಿಖಾನೆ ತೊಳೆಯುವ ಕೆಲಸ ಹಿಡಿದಳು. ಆ ಸಂಬಳದಲ್ಲಿ ವಾರ ವಾರ ಐದೋ ಆರೋ ಪೌಂಡು ತಂಡದವರಿಗೆ ಕಟ್ಟತೊಡಗಿದಳು.

ಮಾರ್ಚಿನಲ್ಲಿ ಗಣಿಯವರು ಸೋತು ಕೆಲಸಕ್ಕೆ ಮರಳಿದರು. ಬ್ಯಾಂಡು ಬಾರಿಸಿಕೊಂಡು, ಬಾವುಟ ಹಿಡಿದು ಗೇಟಿನೊಳಗೆ ಹೋದರು. ಚಂದ ಕಂಡಿತು ಎನ್ನುತ್ತಾರೆ. ಸೋಲು ಸೋಲೇ. ಅದೇ ವರ್ಷ ಗಣಿಗೂ ಬೀಗ ಬಿತ್ತು.

ಮರುವರ್ಷ ಮಾರ್ಚಿನಲ್ಲಿ ಮೇವಿಸ್ ವಿಳಾಸ ಹುಡುಕಿಕೊಂಡು ಬಂದಳು. ಸಭಾಂಗಣದಲ್ಲಿ ನೆನಪಿನ ಕೂಟ, ನೆರವು ಕೊಟ್ಟವರಿಗೆಲ್ಲ ಸನ್ಮಾನ, ಡೊರೀನ್ ವೇದಿಕೆಯ ಮೇಲೆ ಕೂರಬೇಕು ಎಂದು ಕರೆಯಲು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಒಳಗೆ ಬಂದವಳು ಕೋಟು ಬಿಚ್ಚಲು ಕೈ ಹಾಕಿ, ಬಿಚ್ಚದೆ ನಿಂತಳು. ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ನಾಣ್ಯ ಹಾಕಿದರೆ ಉರಿಯುವ ಗ್ಯಾಸಿನ ಒಲೆ ತಣ್ಣಗಿತ್ತು. ಡೊರೀನ್ ಎರಡು ಸ್ವೆಟರಿನ ಮೇಲೆ ಕ್ಲಿಫರ್ಡ್‌ನ ಕೋಟು ಹಾಕಿಕೊಂಡಿದ್ದಳು.

"ಮನೆ ಎಲ್ಲೇ? ನಿನ್ನ ಮನೆ?"

"ಮಾರಿದೆ."

"ಯಾವಾಗ?"

"ಮುಷ್ಕರದಲ್ಲಿ."

ಮೇವಿಸ್ ಹೆಡ್ಡಿಯಲ್ಲ. ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತಳು. "ಯಾಕೆ ಹೇಳ್ಲಿಲ್ಲ ನೀನು?"

"ನೀನು ಕೇಳ್ಲಿಲ್ಲ."

"ರೆಕಾರ್ಡು ಮಾರಿ ಬಂದಿದ್ದು ಅಂದ್ಕೊಂಡಿದ್ವಿ..."

"ಅಂದ್ಕೊಂಡ್ರಿ. ಚೆನ್ನಾಗೇ ಇತ್ತು ಅಂದ್ಕೊಳ್ಳೋಕೆ." ಡೊರೀನ್ ಕೆಮ್ಮಿದಳು. "ಟೀ ಕೊಡೋಣ ಅಂದ್ರೆ ಒಲೆಗೆ ನಾಣ್ಯ ಇಲ್ಲ ಕಣೇ. ನಿನ್ನ ಹತ್ರ ಇದ್ಯಾ?"

ಮೇವಿಸ್ ಪರ್ಸು ಕೊಡವಿದಳು. ಬಸ್ಸಿಗೆಂದು ಇಟ್ಟ ಚಿಲ್ಲರೆ ಇತ್ತು, ಒಲೆ ನುಂಗುವ ನಾಣ್ಯ ಇರಲಿಲ್ಲ. ಇಬ್ಬರೂ ಕೋಟು ಹಾಕಿಕೊಂಡೇ ಸ್ವಲ್ಪ ಹೊತ್ತು ಕೂತರು. ಕೂಟಕ್ಕೆ ಡೊರೀನ್ ಹೋಗಲಿಲ್ಲ. ಅವಳ ಹೆಸರು ಓದಿದರಂತೆ, ಜನ ಚಪ್ಪಾಳೆ ತಟ್ಟಿದರಂತೆ. ಮೇವಿಸ್ ಸಮಿತಿಯಲ್ಲಿ ಈ ವಿಷಯ ಎತ್ತಿದಳು. ನಿಧಿ ಮುಗಿದಿದೆ, ಲೆಕ್ಕ ಮುಚ್ಚಿದೆ, ಮತ್ತೆ ತೆರೆಯಲಾಗದು ಎಂದರು. ಅದಾದ ಮೇಲೆ ಮೇವಿಸ್ ತಿಂಗಳಿಗೊಮ್ಮೆ ಕಡುಬು ಕಟ್ಟಿಕೊಂಡು ಬರುತ್ತಿದ್ದಳು. ಅಷ್ಟು ಮಾಡಿದವಳು ಅವಳೊಬ್ಬಳೇ.

ಗೇನರ್ ಲೀಡ್ಸಿಗೆ ಹೋಗಿ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಸೇರಿದಳು. ಮತ್ತೆ ಹಾಡಲಿಲ್ಲ. ಅವಳ ಪಾಲಿನ ದುಡ್ಡು ಅಂಚೆಯಲ್ಲಿ ಹೋಗಿ ಸೇರಿತು. ಪ್ರತಿ ಸಲವೂ ಲಕೋಟೆಯ ಮೇಲೆ ಆ ದುಂಡು ಅಕ್ಷರ, ಒಳಗೆ ನೋಟು, ಬೇರೆ ಒಂದು ಸಾಲಿಲ್ಲ. ಗೇನರ್ ಕೂಡ ಒಂದು ಸಾಲು ಬರೆಯಲಿಲ್ಲ. ಇಬ್ಬರದ್ದೂ ಒಂದೇ ಹಟ. ಡೊರೀನ್ ತೊಂಬತ್ತೊಂದರ ಚಳಿಯಲ್ಲಿ ಆಸ್ಪತ್ರೆ ಸೇರಿ ಹೊರಗೆ ಬರಲಿಲ್ಲ. ಸುದ್ದಿ ಗೇನರ್‌ಗೆ ಮುಟ್ಟಿದ್ದು ಮಣ್ಣಾದ ಮೇಲೆ.

ಯಾರು ಕೇಳುತ್ತಾರೋ ಅವರಿಗೆ ಮೊದಲು ಕೊಡುತ್ತಾ ಬಂದಿದ್ದಳು ಡೊರೀನ್. ಟ್ರೆವರ್ ಒಮ್ಮೆಯೂ ಕೇಳಿರಲಿಲ್ಲ. ಅವನದ್ದು ಕೊನೆಗೆ ಉಳಿದದ್ದು ಹೀಗೆ.

ಈಗ ನಿಮ್ಮ ಹತ್ತಿರ ಮಾತು. ನೀವು ಸಂಘದವರು, ಸಮಿತಿಯವರು, ಹೋರಾಟದವರು. ನಿಮ್ಮ ಧರಣಿಗೆ ಪೆಂಡಾಲು ಹಾಕಿ ಬಾಡಿಗೆ ಬೇಡ ಎಂದವನಿದ್ದಾನೆ. ಕರಪತ್ರ ಅಚ್ಚು ಹಾಕಿ ಆಮೇಲೆ ನೋಡೋಣ ಎಂದವನಿದ್ದಾನೆ. ಅನ್ನ ಬೇಯಿಸಿ ಹಾಕಿದವಳಿದ್ದಾಳೆ. ಅವರಿಗೆ ಹಾರ ಹಾಕಿದ್ದೀರಿ, ಹೆಸರು ಓದಿದ್ದೀರಿ. ಸಾಲದು. ನಾಳೆಯೇ ಅವರ ಮನೆಗೆ ಹೋಗಿ. ಬಾಗಿಲಲ್ಲಿ ನಿಂತು ಹೊಗಳಿ ಬರಬೇಡಿ, ಒಳಗೆ ಹೋಗಿ ಕೂತುಕೊಳ್ಳಿ. ಅದಕ್ಕೆಲ್ಲ ದುಡ್ಡು ಎಲ್ಲಿಂದ ತಂದಿರಿ ಎಂದು ಮುಖ ನೋಡಿ ಕೇಳಿ. ಅವರು ಏನಿಲ್ಲ ಬಿಡಿ ಎಂದರೆ ಎದ್ದು ಬರಬೇಡಿ, ಇನ್ನೊಮ್ಮೆ ಕೇಳಿ. ನಿಮ್ಮ ಲೆಕ್ಕ ಮುಚ್ಚಿದ್ದರೆ ತೆರೆಯಿರಿ, ಪಡೆದದ್ದನ್ನು ವಾಪಸು ಕೊಡಿ.